ಗುಮ್ಮ ಬಂದಿದ್ದಳು

ಹನ್ನೊಂದು ವರ್ಷ ಅವಳ ಹೆಸರಲ್ಲೇ ಹೆದರಿಸಿದರು ನಮ್ಮನ್ನ.
ಬೋನಸ್ ಕೇಳಿದರೆ, ಫ್ಯಾನು ಕೆಟ್ಟಿದೆ ಅಂದರೆ,
ಬಸುರಿ ಚೌಡಮ್ಮನಿಗೆ ಒಂದು ಸ್ಟೂಲು ಕೊಡಿ ಅಂದರೆ
ಸೂಪರ್‌ವೈಸರ್ ಪರಮೇಶಿ ಪೆನ್ನಿನ ಕ್ಯಾಪು ಕಚ್ಚಿಕೊಂಡು
"ಜಾಸ್ತಿ ಮಾತಾಡಿ, ಆರ್ಡರು ಢಾಕಾಕ್ಕೆ ಹೋಗ್ತದೆ."

ಢಾಕಾ ಎಲ್ಲಿದೆಯೋ ನಮಗೇನು ಗೊತ್ತು.
ನಾಯಂಡಹಳ್ಳಿ ದಾಟಿ, ಕೆಂಗೇರಿ ದಾಟಿ,
ಬಸ್ಸು ಹೋಗದ ಯಾವುದೋ ಕತ್ತಲಲ್ಲಿ
ಒಬ್ಬಳು ಕೂತಿದ್ದಾಳೆ, ಊಟವಿಲ್ಲ, ನಿದ್ದೆಯಿಲ್ಲ,
ಹತ್ತು ಕೈ, ಅರ್ಧ ಸಂಬಳ,
ನಮ್ಮ ಅನ್ನದ ತಟ್ಟೆಯನ್ನೇ ನೋಡುತ್ತಾ.

ಮೂರನೇ ಲೈನು ಮುಚ್ಚಿದ ದಿನ
ಅರವತ್ತೆರಡು ಹೆಂಗಸರು ಟಿಫನ್ ಬಾಕ್ಸ್ ಎತ್ತಿಕೊಂಡು ಗೇಟು ದಾಟುವಾಗ
ನಾನು ಮಾಲೀಕನಿಗೆ ಶಾಪ ಹಾಕಲಿಲ್ಲ.
ಅವಳಿಗೆ ಹಾಕಿದೆ. ನಿನ್ನ ಕೈ ಸೇದಿಹೋಗಲಿ.

ಅವಳು ಬಂದಳು. ಭಾನುವಾರ,
ಗೋರಿಪಾಳ್ಯದ ಝೆರಾಕ್ಸ್ ಅಂಗಡಿ ಮೇಲಿನ ಸಂಘದ ಕೋಣೆಗೆ
ಏದುಸಿರು ಬಿಡುತ್ತಾ, ಸೊಂಟಕ್ಕೆ ಕೈ ಕೊಟ್ಟು.
ಮನೊವಾರಾ. ನನಗಿಂತ ಗಿಡ್ಡ.
ತೋರುಬೆರಳಿನ ಉಗುರಲ್ಲಿ ಸೂಜಿ ತೂರಿದ ಕಪ್ಪು ಚುಕ್ಕೆ,
ನನ್ನದೇ ಬೆರಳು ಬೇರೆಯವಳ ಕೈಯಲ್ಲಿ ಕಂಡ ಹಾಗೆ.

ಜೊತೆಗೆ ಕಟುನಾಯಕದ ಕುಸುಮಲತಾ.
ಅವಳು ನಮ್ಮ ದೊಡ್ಡವಳನ್ನು ಅಕ್ಕಾ ಅಂದಳು, ಅಕ್ಕಾ ಅಂತಲೇ.
ಚಿಕ್ಕವಳನ್ನು ನಂಗಿ.
ಸಮುದ್ರ ದಾಟುವಾಗ ಒಂದಕ್ಷರ ನೆನೆದಿದೆ, ಅಷ್ಟೇ.
ಮನೊವಾರಾ ಆಪಾ ಅಂದಾಗ
"ಹೆಂಗಸಿಗೆ ಅಪ್ಪ ಅಂತಾಳಲ್ಲೇ" ಎಂದು ಕೋಣೆಯೆಲ್ಲ ನಕ್ಕಿತು,
ಯಾಕೆಂದು ತಿಳಿಯದೆ ಅವಳೂ.

ಫೈಸಲಾಬಾದಿನ ಸಫಿಯಾಗೆ ವೀಸಾ ಸಿಗಲಿಲ್ಲ.
ದನಿ ಮಾತ್ರ ಬಂತು ಫೋನಿನಲ್ಲಿ, ಹಿಂದೆ ಯಾವುದೋ ಮಗುವಿನ ಅಳು.
ಪ್ಯಾಕಿಂಗಿನ ಮಹಬೂಬ್‌ಬೀ ಕಿವಿ ಹಚ್ಚಿ ಕೇಳಿ
"ಅಯ್ಯೋ, ಇವಳ ಮಾತಿಗೆ ಇಸ್ತ್ರಿ ಹಾಕಿದೆ, ನಮ್ಮದು ಮುದುರಿದ್ದು" ಅಂದಳು.
ಮುದುರಿದ್ದರಿಂದಲೇ ಕನ್ನಡ ಮಾಡಿ ಕೊಟ್ಟಳು:
ಕಕ್ಕಸಿಗೆ ಟೋಕನ್ನು. ಇಡೀ ಲೈನಿಗೆ ಎರಡೇ.
ನಮಗೂ ಎರಡೇ.

ಸೂಜಿಗೆ ಅವರವರ ಮಾತು ಬೇರೆ. ಸುಯಿ, ಇಂದಿಕಟ್ಟ.
ಟಾರ್ಗೆಟ್ಟಿಗೆ ಮಾತ್ರ ಯಾರೂ ಅರ್ಥ ಕೇಳಲಿಲ್ಲ.

ಊಟದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.
ನಿನ್ನ ಕೈ ಸೇದಿಹೋಗಲಿ ಅಂದಿದ್ದೆ.
ಬಂಗಾಳಿ ಬಲ್ಲ ಕಾಲೇಜು ಹುಡುಗಿ ಬಾಯಿ ತೆರೆದು, ಮುಚ್ಚಿದಳು.
ಚಿತ್ರಾನ್ನದ ಕಡಲೆಬೀಜ ಒಂದೊಂದೇ ಆರಿಸಿ ಪಕ್ಕಕ್ಕಿಡುತ್ತಿದ್ದ ಮನೊವಾರಾ
ನನ್ನ ಮುಖವನ್ನೇ ಓದಿಕೊಂಡಳು. ಆಮೇಲೆ ಮೆಲ್ಲಗೆ,
ನಮ್ಮಲ್ಲೂ ಹೇಳ್ತಾನೆ ಒಬ್ಬ: ಜಾಸ್ತಿ ಮಾತಾಡಿ,
ಆರ್ಡರು ಬೆಂಗಳೂರಿಗೆ ಹೋಗ್ತದೆ.
ನಾನು ನಿನ್ನ ಮಕ್ಕಳನ್ನೂ ಸೇರಿಸಿ ಶಾಪ ಹಾಕಿದ್ದೆ.

ಯಾರೂ ತಬ್ಬಿಕೊಳ್ಳಲಿಲ್ಲ.
ಎದ್ದು ಹೋಗಿ ನೀರು ಕುಡಿದು ಬಂದೆ.
ಮಕ್ಕಳು ಅಂದದ್ದು ಗಂಟಲಲ್ಲಿ ಮುಳ್ಳಾಗಿ ತುಸು ಹೊತ್ತು ಉಳಿಯಿತು.

ಸಂಜೆ ಸೇತುವೆಯ ಮೇಲೆ
ವೃಷಭಾವತಿಯ ನಾತಕ್ಕೆ ನಾವೆಲ್ಲ ಸೆರಗು ಮೂಗಿಗೆ ಒತ್ತಿದೆವು.
ಅವಳು ಬಗ್ಗಿ ನೋಡಿದಳು.
ನಮ್ಮ ತುರಾಗ್ ಕೂಡ ಹೀಗೇ ಅಂದಳು,
ಬಾಯರ್ ಕೇಳಿದ ಬಣ್ಣದಲ್ಲಿ ಹರೀತದೆ.

ಸೋಮವಾರ. ಅದೇ ಪರಮೇಶಿ, ಅದೇ ಪೆನ್ನು, ಅದೇ ಢಾಕಾ.
ಹೋಗಬಹುದು, ಸುಳ್ಳೇನಲ್ಲ. ಈ ತಿಂಗಳೇ ಹೋಗಬಹುದು.
ಮನೆ ಬಾಡಿಗೆ, ಚೀಟಿ ದುಡ್ಡು, ಎದೆ ಧಸಕ್ಕೆಂದಿತು.
ಆದರೆ ಕತ್ತಲಲ್ಲಿ ಕೂತವಳಿಗೆ ಈಗ ಸೊಂಟನೋವಿದೆ.
ಕಡಲೆಬೀಜ ಸೇರುವುದಿಲ್ಲ ಅವಳಿಗೆ.

ಬ್ಲೌಸಿನೊಳಗೆ ಬಚ್ಚಿಟ್ಟ ಫೋನು ನಡುಗಿತು.
ಟೋಕನ್ನು ಈಸಿಕೊಂಡು ಹೋಗಿ ಚಿಲಕ ಹಾಕಿದೆ.
ಒಂದು ಕಾಲರಿನ ಫೋಟೊ,
ಅದನ್ನು ಹೊಲಿಯಲು ಅವಳಿಗೆ ಕೊಡುವ ಸೆಕೆಂಡು: 38.
ಮುಂದೆ ಒಂದು ಪ್ರಶ್ನೆ ಚಿಹ್ನೆ.
ಅವಳ ಲಿಪಿ ನನಗೆ ಬಾರದು, ನನ್ನದು ಅವಳಿಗೆ.
41, ಅಂತ ಒತ್ತಿದೆ.

ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ,
ಬೇಗ ಬಾರೇ, ಟೋಕನ್ನು.